ಹಬ್ಬದ ಮರುದಿನದ ಹೂವು

ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ. ಮನೆಗೆಂದು ಹೂವು ಕೊಳ್ಳಬೇಕಾದದ್ದು ಶನಿವಾರ. ಗುರುವಾರ ಸಂಜೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕನಕಾಂಬರದ ಬೆಲೆ ಕೇಳಿದವರು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೇಳುತ್ತಾರೆ. ಶನಿವಾರ ಬೆಳಿಗ್ಗೆ ಅದೇ ಮಾರುಕಟ್ಟೆ ಆಕಳಿಸುತ್ತಿರುತ್ತದೆ. ಮೇಲಿನ ಅಂತಸ್ತಿನಿಂದ ಬಗ್ಗಿ ನೋಡಿದರೆ ಕೆಳಗೆ ಹಳದಿ ಸೇವಂತಿಗೆ, ಕಿತ್ತಳೆ ಬಣ್ಣದ ಚೆಂಡುಹೂವು, ಬಿಡಿ ಗುಲಾಬಿಯ ರಾಶಿಗಳು. ರಾಶಿಗಳ ನಡುವೆ ಗೋಣಿಚೀಲಕ್ಕೆ ಒರಗಿ ಟೀ ಕುಡಿಯುತ್ತಿರುವ ವ್ಯಾಪಾರಿಗಳು. ಕಾಲಡಿಯಲ್ಲಿ ಎಸಳು, ನೀರು, ಬಾಳೆನಾರು ಸೇರಿದ ಕೆಸರು. ಚಪ್ಪಲಿಗೆ ಮೆತ್ತಿದರೆ ಮನೆಯತನಕ ಬರುತ್ತದೆ.

ದಂಟಿನ ಹೂವು ಸಿಗುವ ಸಾಲು ಇನ್ನೊಂದು ಕಡೆ. ಜರ್ಬೆರಾ ಹೂಗಳಿಗೆ ಒಂದೊಂದಕ್ಕೂ ಪ್ಲಾಸ್ಟಿಕ್ ಟೋಪಿ. ಹತ್ತು ಹೂವಿಗೆ ಒಂದು ಬಂಚ್. ಗುಲಾಬಿ ಇಪ್ಪತ್ತರ ಲೆಕ್ಕ, ತಲೆಯ ಸುತ್ತ ರಟ್ಟು. ಇವೆಲ್ಲ ಹೊಸೂರು, ದೊಡ್ಡಬಳ್ಳಾಪುರದ ಸುತ್ತಿನ ಪಾಲಿಹೌಸ್‌ಗಳಲ್ಲಿ ಬೆಳೆದು ಬಂದವು. ಸುಗಂಧರಾಜ ಮಾತ್ರ ಯಾವ ಉಪಚಾರವೂ ಇಲ್ಲದೆ ಹಳೆಯ ಪತ್ರಿಕೆ ಸುತ್ತಿಕೊಂಡು ನಿಂತಿರುತ್ತದೆ.

“ಎರಡು ಬಂಚ್ ತಗೊಳ್ಳಿ ಅಕ್ಕಾ, ಈ ಕಡ್ಡಿ ಹೂವು ಹಾಗೇ ಕೊಡ್ತೀನಿ. ಸಾಯಂಕಾಲಕ್ಕೆ ಇದನ್ನ ಯಾರೂ ಕೇಳಲ್ಲ.”

ಈ ಉದಾರತೆ ಹಬ್ಬದ ಹಿಂದಿನ ದಿನ ಇರುವುದಿಲ್ಲ.

ನಮ್ಮ ಮನೆಗಳು ಹೂವನ್ನು ಮೊಳದಲ್ಲಿ, ಮಾರಿನಲ್ಲಿ ಬಲ್ಲವು. ದೇವರ ತಲೆಗೆ, ಹೆಂಗಸರ ಮುಡಿಗೆ, ಹೊಸ್ತಿಲಿಗೆ. ದಂಟು ಯಾರಿಗೂ ಬೇಡ. ಆದ್ದರಿಂದಲೇ ಅನೇಕ ಮನೆಗಳಲ್ಲಿ ಹೂದಾನಿ ಎಂಬುದು ಯಾರದೋ ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಅದರಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿ. ಅದನ್ನು ಹುಡುಕುವ ಗೋಜಿಗೆ ಹೋಗಬೇಡಿ. ಅಗ್ಗದ ಹೂವನ್ನು ಕೆಡಿಸುವುದೇ ಆ ಎತ್ತರದ, ಬಾಯಿ ಅಗಲದ ಗಾಜಿನ ಪಾತ್ರೆ. ಹತ್ತು ಜರ್ಬೆರಾ ಅದರೊಳಗೆ ಇಳಿದರೆ ಹತ್ತು ದಿಕ್ಕಿಗೆ ಮುಖ ತಿರುಗಿಸುತ್ತವೆ.

ಬೇಕಾದದ್ದು ಗಿಡ್ಡ ಪಾತ್ರೆ ಮತ್ತು ಕತ್ತರಿಸುವ ಧೈರ್ಯ. ದುಡ್ಡು ಕೊಟ್ಟು ತಂದ ಉದ್ದ ದಂಟನ್ನು ಗೇಣಿಗೆ ಇಳಿಸಲು ಕೈ ಹಿಂಜರಿಯುತ್ತದೆ, ನಿಜ. ಆದರೆ ಹೂವು ಪಾತ್ರೆಯ ಅಂಚಿಗೆ ಹತ್ತಿರ ಕೂತಾಗ ನಾಲ್ಕೇ ಇದ್ದರೂ ತುಂಬಿದಂತೆ ಕಾಣುತ್ತವೆ. ಉಪ್ಪಿನಕಾಯಿ ಭರಣಿ, ಹಿತ್ತಾಳೆ ಚೊಂಬು, ಜಾಮ್ ಬಾಟಲಿ, ಕಿವಿ ಮುರಿದ ಕಪ್ಪು ಎಲ್ಲಕ್ಕೂ ಕೆಲಸ ಸಿಗುತ್ತದೆ.

ಮೊದಲು ಅಡುಗೆಮನೆಯ ಸಿಂಕು. ಹೂವು ಅಲ್ಲಿಗೆ ಬರುತ್ತಿದ್ದಂತೆ ನಮ್ಮ ಅತ್ತೆ ಹಾಜರು. “ದೇವರಿಗೆ ಎರಡು ಗುಲಾಬಿ ತೆಗೆದಿಡು, ಆಮೇಲೆ ನಿನ್ನ ಅಲಂಕಾರ.” ತೆಗೆದಿಟ್ಟಾಯಿತು. ಉಳಿದವನ್ನು ಓರೆಯಾಗಿ ಕತ್ತರಿಸಬೇಕು. ದಂಟಿನ ಬಾಯಲ್ಲಿ ಗಾಳಿ ಸೇರಿ ಒಣಗಿದ್ದರೆ ನೀರು ಮೇಲೇರುವುದಿಲ್ಲ. ಗುಲಾಬಿ ಕತ್ತು ಬಾಗಿಸುವುದು ಬಹಳ ಸಲ ಇದೇ ಕಾರಣಕ್ಕೆ. ಬಾಗಿದ್ದನ್ನು ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಕತ್ತರಿಸಿದ ದಂಟನ್ನು ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ ಗಂಟೆ ಎರಡು ಗಂಟೆ ನಿಲ್ಲಿಸಿದರೆ ಎಷ್ಟೋ ಹೂಗಳು ತಲೆ ಎತ್ತುತ್ತವೆ. ನೀರಿನೊಳಗೆ ಮುಳುಗುವ ಎಲೆಗಳೆಲ್ಲ ಹೋಗಬೇಕು. ಕೊಳೆತ ಎಲೆಯ ಬ್ಯಾಕ್ಟೀರಿಯಾ ದಂಟಿನ ಬಾಯಿ ಕಟ್ಟುತ್ತವೆ. ಗುಲಾಬಿಯ ಹೊರಸುತ್ತಿನ ಒರಟು ಎಸಳು ಎರಡು ಕಿತ್ತರೆ, ಮಾರುಕಟ್ಟೆಯಲ್ಲಿ ಉಳಿದ ಹೂವು ಎಂದು ಯಾರೂ ಹೇಳಲಾರರು.

ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಸ್ವಲ್ಪ ನಿಂಬೆರಸ, ಬಟ್ಟೆಗೆ ಹಾಕುವ ಬ್ಲೀಚ್ ಒಂದೆರಡು ಹನಿ. ಸಕ್ಕರೆ ಹೂವಿಗೆ ಊಟ. ಬ್ಲೀಚ್ ಇಲ್ಲದಿದ್ದರೆ ಅದು ಬ್ಯಾಕ್ಟೀರಿಯಾಗಳಿಗೂ ಊಟ. ಜರ್ಬೆರಾಕ್ಕೆ ಎರಡೇ ಬೆರಳು ನೀರು ಸಾಕು. ಅದರ ನವಿರುರೋಮದ ಮೆತ್ತನೆಯ ದಂಟು ಆಳ ನೀರಿನಲ್ಲಿ ಬೇಗ ಕೊಳೆಯುತ್ತದೆ.

ಇನ್ನು ಹಬ್ಬದ ಮನೆಯಲ್ಲಿ ಪುಕ್ಕಟೆ ಸಿಗುವ ಒಂದು ವಸ್ತುವಿದೆ. ಮಂಟಪಕ್ಕೆ ಕಟ್ಟಿದ ಬಾಳೆಕಂದು. ಕಳಶ ಕದಲಿಸಿದ ಮೇಲೆ ಅದರಿಂದ ಗೇಣುದ್ದದ ತುಂಡು ಕತ್ತರಿಸಿ, ಸ್ಟೀಲ್ ತಟ್ಟೆಯಲ್ಲಿ ಅಡ್ಡ ಮಲಗಿಸಿ, ಕಡ್ಡಿಯಿಂದ ತೂತು ಮಾಡಿ ಹೂವು ಚುಚ್ಚುತ್ತ ಬಂದರೆ ಅಂಗಡಿಯ ಹಸಿರು ಸ್ಪಂಜು ಬೇಕೇ ಇಲ್ಲ. ಬಾಳೆಯ ಮೈತುಂಬ ನೀರಿರುವುದರಿಂದ ಹೂವು ಒಂದೆರಡು ದಿನ ಬಾಡುವುದಿಲ್ಲ. ಮಧ್ಯದಲ್ಲಿ ಮೂರು ಗುಲಾಬಿ ಒತ್ತಾಗಿ, ಪಕ್ಕಕ್ಕೆ ಚೆಂಡುಹೂವು, ಸಂದಿಗಳಲ್ಲಿ ಕಳಶದಿಂದ ಇಳಿದ ವೀಳ್ಯದೆಲೆ. ಬಾಳೆಯ ಸೊನೆ ಬಟ್ಟೆಗೆ ತಾಗದಂತೆ ಎಚ್ಚರ. ಆ ಕರೆ ಹೋಗುವಂಥದ್ದಲ್ಲ.

ಸುಗಂಧರಾಜವನ್ನು ಇವುಗಳ ಜೊತೆ ಸೇರಿಸಬಾರದು ಎಂಬುದು ನನ್ನ ಹಟ. ಅದಕ್ಕೆ ಒಂಟಿ ಬಾಟಲಿ, ಕಿಟಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ‘ಅರ್ಕಾ ಪ್ರಜ್ವಲ್’ ಒಂಟಿ ಸುತ್ತಿನ ಎಸಳಿನದು, ಹಾರಕ್ಕೆ ಒದಗುವಂಥದ್ದು. ‘ಅರ್ಕಾ ಸುವಾಸಿನಿ’ ಹಲವು ಸುತ್ತಿನದು, ದಂಟಿನ ಸಮೇತ ಮಾರಲು ತಕ್ಕದ್ದು. ಯಾವುದೇ ಆಗಲಿ, ಮೊಗ್ಗು ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ತುದಿಯ ನಾಲ್ಕಾರು ಎಳೆಮೊಗ್ಗು ಚಿವುಟಿ, ಕೆಳಗೆ ಬಾಡಿದ್ದನ್ನು ದಿನಾ ಕಿತ್ತರೆ ವಾರದವರೆಗೂ ಎಳೆಯಬಹುದು. ಕತ್ತಲಾದ ಮೇಲೆ ಪರಿಮಳ ಹೆಚ್ಚು. ಊಟದ ಮೇಜಿಗೆ ಇಟ್ಟರೆ ಸಾರಿನ ಘಮ ಸೋಲುತ್ತದೆ.

ಬಾಳೆಕಂದು ಇಷ್ಟು ಉಪಕಾರ ಮಾಡಿದರೆ ಅದೇ ಜಾತಿಯ ಹಣ್ಣು ಹೂವಿಗೆ ಶತ್ರು. ಮಾಗುವ ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತದೆ. ಅದು ಹೂವನ್ನೂ ಬೇಗ ಮುದಿಮಾಡುತ್ತದೆ. ಕಾರ್ನೇಷನ್ ಅಂತೂ ಎಸಳು ಒಳಕ್ಕೆ ಮಡಚಿಕೊಂಡುಬಿಡುತ್ತದೆ. ವರಮಹಾಲಕ್ಷ್ಮಿಯ ಮರುದಿನ ಯಾವ ಮನೆಯಲ್ಲಿ ಬಾಳೆಹಣ್ಣು ಇರುವುದಿಲ್ಲ? ಬಾಗಿನದ್ದು, ತಾಂಬೂಲದ್ದು, ನೈವೇದ್ಯದ್ದು ಸೇರಿ ಮೇಜಿನ ಮೇಲೆ ಎರಡು ತಟ್ಟೆ ತುಂಬ ಕೂತಿತ್ತು. ಹೂವನ್ನು ಬೇರೆ ಕೋಣೆಗೆ ಸಾಗಿಸೋಣವೆಂದರೆ ಅತ್ತೆ ಒಪ್ಪಲಿಲ್ಲ, ಬಂದವರಿಗೆ ಕಾಣಬೇಡವೇ?

ಅದರ ಬದಲು ಹಣ್ಣನ್ನೇ ಹೆಚ್ಚಿ, ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ರಸಾಯನ ಮಾಡಿ ಎರಡೂ ಪಕ್ಕದ ಮನೆಗಳಿಗೆ ಡಬ್ಬಿ ಕಳಿಸಿದರು. ಒಂದು ಡಬ್ಬಿ ಸಂಜೆಯೇ ವಾಪಸ್ ಬಂತು, ತುಂಬ ಅವರ ಮನೆಯ ಬಾಳೆಹಣ್ಣಿನೊಂದಿಗೆ.