ಗೋಡೆಯ ಮೇಲಿನ ಕನ್ನಡ

ಚುನಾವಣೆ ಬಂತೆಂದರೆ ನಮ್ಮ ಕಾಸರಗೋಡಿನ ಗೋಡೆಗಳಿಗೂ ಕನ್ನಡ ಬರುತ್ತದೆ. ಅಭ್ಯರ್ಥಿಗಳು ಬಯಲಾಟದ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತಾರೆ. ಮತ ಎಣಿಕೆ ಮುಗಿದ ಮೇಲೆ ಕಚೇರಿಯ ಮೆಟ್ಟಲೇರಿದರೆ ಕೈಗೆ ಸಿಗುವುದು ಹೆಚ್ಚಾಗಿ ಮಲಯಾಳದ ಅರ್ಜಿ ನಮೂನೆ!

ಗಡಿಯಾಚೆಯವರೇನೂ ಕಡಿಮೆಯಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲೇ ಹೇಳಿತ್ತು. ಆ ವರದಿಯೇ ಅಂತಿಮವೆಂದು ಬೆಂಗಳೂರಿನಲ್ಲಿ ಗುಡುಗುವವರಿಗೆ ಬೆಳಗಾವಿ ಚೆನ್ನಾಗಿ ನೆನಪಿರುತ್ತದೆ; ಕಾಸರಗೋಡು ರಾಜ್ಯೋತ್ಸವದ ಭಾಷಣಕ್ಕೆ ಮಾತ್ರ.

ನಾವೋ, ಅಡಿಕೆಯ ಧಾರಣೆ, ನಿನ್ನೆಯ ಆಟದ ಭಾಗವತಿಕೆ ಎಂದು ಚಾ ಕುಡಿಯುತ್ತ ಇದನ್ನೆಲ್ಲ ನಗೆಯಾಡುತ್ತೇವೆ. ಆದರೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಅರ್ಜಿ ಬರೆಯೋಣ. ಗೋಡೆಯ ಕನ್ನಡ ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಕಡತಕ್ಕೆ ಸೇರಿದ್ದು ಉಳಿಯುತ್ತದೆ.