ಸೆಕೆಂಡ್ ಹ್ಯಾಂಡ್ ಸ್ಕೋಡಾ, ವೆಂಟೊ ಕೊಳ್ಳುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಇಷ್ಟು ನೋಡಿ

ಸಕಲೇಶಪುರ: ಹೊಸ ಸಣ್ಣ ಕಾರಿಗೆ ಕೊಡುವ ದುಡ್ಡಿನ ಅರ್ಧಕ್ಕೇ ಹಳೇ ಸ್ಕೋಡಾ ಲಾರಾ, ರ‍್ಯಾಪಿಡ್, ಫೋಕ್ಸ್‌ವ್ಯಾಗನ್ ವೆಂಟೊ, ಫಿಯೆಟ್ ಲೀನಿಯಾ ಸಿಗುತ್ತವೆ. ಬಾಗಿಲು ಹಾಕಿದರೆ ಗಟ್ಟಿ ಸದ್ದು, ತಿರುವಿನಲ್ಲೂ ಅಲುಗದ ಓಟ. ಸಕಲೇಶಪುರ, ಆಲೂರು ಭಾಗದ ಅಂಗಡಿಯವರು, ಸಣ್ಣ ಬೆಳೆಗಾರರು ಇಂಥ ಗಾಡಿಗೆ ಮನಸೋಲುವುದು ಸಹಜ. ಆದರೆ ಬೆಲೆ ಇಷ್ಟು ಇಳಿಯುವುದಕ್ಕೂ ಕಾರಣವಿದೆ. ಹಿಂದಿನ ಮಾಲೀಕ ಮುಂದೂಡಿದ ದೊಡ್ಡ ಕೆಲಸಗಳ ಬಿಲ್ಲು ಹೊಸ ಮಾಲೀಕನ ತಲೆಗೆ ಬರುತ್ತದೆ.

ಹಾಗಾಗಿ ಮೊದಲ ಲೆಕ್ಕ ಇದು: ಕೈಯಲ್ಲಿ 4 ಲಕ್ಷ ಇದ್ದರೆ 3 ಲಕ್ಷದ ಗಾಡಿ ಹುಡುಕಿ. ಉಳಿದ 1 ಲಕ್ಷವನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಇದ್ದದ್ದೆಲ್ಲ ಗಾಡಿಗೇ ಸುರಿದರೆ ಮೊದಲ ಮಳೆಗಾಲದಲ್ಲೇ ಅದು ಶೆಡ್‌ನಲ್ಲಿ ನಿಲ್ಲಬಹುದು.

ಲಕ್ಷ ದಾಟಿದ ಮೀಟರ್ ಕಂಡು ಭಯ ಬೇಡ

ಹೆದ್ದಾರಿಯಲ್ಲಿ ಒಂದೂವರೆ ಲಕ್ಷ ಕಿ.ಮೀ. ಓಡಿ, ಪ್ರತಿ ಸರ್ವಿಸ್‌ನ ಬಿಲ್ಲು ಇಟ್ಟುಕೊಂಡಿರುವ ಡೀಸೆಲ್ ಗಾಡಿ, ಯಾವ ದಾಖಲೆಯೂ ಇಲ್ಲದೆ 60 ಸಾವಿರ ತೋರಿಸುವ ಗಾಡಿಗಿಂತ ವಾಸಿ. ಮೀಟರ್ ತಿರುಗಿಸುವುದು ಕಷ್ಟದ ಕೆಲಸವಲ್ಲ. ಪೆಡಲ್ ರಬ್ಬರ್, ಸ್ಟೀರಿಂಗ್, ಡ್ರೈವರ್ ಸೀಟಿನ ಅಂಚು ಸವೆದಿದ್ದು ಮೀಟರ್ ಮಾತ್ರ ಕಡಿಮೆ ತೋರಿಸಿದರೆ ಅನುಮಾನ ಪಡಿ. ಹಳೇ ಬಿಲ್ಲುಗಳಲ್ಲಿ ಬರೆದಿರುವ ಕಿಲೋಮೀಟರ್ ತಾಳೆ ನೋಡಿ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಒಮ್ಮೆ ಕನೆಕ್ಟ್ ಮಾಡಿಸಿದರೆ ಎಂಜಿನ್, ಗೇರ್, ಏರ್‌ಬ್ಯಾಗ್‌ಗಳಲ್ಲಿ ಅಡಗಿರುವ ದೋಷವೂ ಹೊರಬರುತ್ತದೆ.

ಇನ್ನೊಂದು ವಿಷಯ. ಬಿಎಸ್-6 ನಿಯಮ ಬಂದ 2020ರ ಏಪ್ರಿಲ್‌ನಿಂದ ಸ್ಕೋಡಾ, ಫೋಕ್ಸ್‌ವ್ಯಾಗನ್ ಇಲ್ಲಿ ಡೀಸೆಲ್ ಬಿಟ್ಟು ಪೆಟ್ರೋಲ್‌ಗೆ ಹೋದವು. ಅಂದರೆ ಈಗ ಸಿಗುವ ಡೀಸೆಲ್ ವೆಂಟೊ, ರ‍್ಯಾಪಿಡ್‌ಗಳೆಲ್ಲ ಅದಕ್ಕೂ ಹಿಂದಿನವು. ಎಷ್ಟೇ ಪಾಲಿಶ್ ಹೊಡೆದಿದ್ದರೂ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ವಯಸ್ಸಾಗಿರುತ್ತದೆ.

ಬಿಡಿಭಾಗದ ವಿಚಾರದಲ್ಲಿ ಎಲ್ಲಾ ಮಾಡೆಲ್ ಒಂದೇ ಅಲ್ಲ. ವೆಂಟೊ, ರ‍್ಯಾಪಿಡ್ ಎರಡೂ ಪೋಲೊ ಜೊತೆ ಬಹಳಷ್ಟು ಭಾಗ ಹಂಚಿಕೊಂಡಿವೆ. ಲೀನಿಯಾದ 1.3 ಡೀಸೆಲ್ ಎಂಜಿನ್ ಹಳೇ ಸ್ವಿಫ್ಟ್ ಡೀಸೆಲ್‌ನ ಬಳಗದ್ದೇ, ಆದ್ದರಿಂದ ಮೆಕ್ಯಾನಿಕ್‌ಗಳಿಗೆ ಪರಿಚಿತ. ಆದರೆ ಫಿಯೆಟ್ ಇಲ್ಲಿ ಕಾರು ಮಾರುವುದು ನಿಲ್ಲಿಸಿರುವುದರಿಂದ ಹೆಡ್‌ಲೈಟ್, ಬಂಪರ್‌ನಂಥ ಬಾಡಿ ಸಾಮಾನಿಗೆ ಅಲೆದಾಡಬೇಕು.

ದೊಡ್ಡ ಖರ್ಚು ಇರುವುದು ಮೂರು ಕಡೆ

ಟೈಮಿಂಗ್ ಬೆಲ್ಟ್: ಲಾರಾ, ವೆಂಟೊ, ರ‍್ಯಾಪಿಡ್ ಡೀಸೆಲ್ ಎಂಜಿನ್‌ಗಳಲ್ಲಿ ಇರುವುದು ಬೆಲ್ಟ್. ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಲೇಬೇಕು. ಬದಲಿಸಿದ ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಬೆಲ್ಟ್ ಹಾಕಿಸುವಾಗ ಟೆನ್ಷನರ್, ವಾಟರ್ ಪಂಪ್ ಕೂಡ ಹಾಕಿಸಿಬಿಡಿ. ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ.

ಆಟೊಮ್ಯಾಟಿಕ್ ಗೇರ್: ಈ ಕಂಪನಿಗಳ ಡಿಎಸ್‌ಜಿಯಲ್ಲಿ ಎರಡು ಬಗೆ. 6 ಗೇರಿನದ್ದರಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಸಾಮಾನ್ಯವಾಗಿ 60 ಸಾವಿರ ಕಿ.ಮೀ.ಗೊಮ್ಮೆ ಆ ಆಯಿಲ್ ಬದಲಿಸಬೇಕು. ವೆಂಟೊ, ರ‍್ಯಾಪಿಡ್‌ಗಳಲ್ಲಿ ಬಂದ 7 ಗೇರಿನದ್ದರಲ್ಲಿ ಒಣ ಕ್ಲಚ್. ಏರಿನಲ್ಲಿ ಇಂಚಿಂಚು ಸರಿಯುವ ಟ್ರಾಫಿಕ್ ಇದಕ್ಕೆ ಆಗಿಬರುವುದಿಲ್ಲ, ಬೇಗ ಕಾಯುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಏರಿನ ಮೇಲೆ ನಿಲ್ಲಿಸಿ, ನಿಧಾನಕ್ಕೆ ಎತ್ತಿ ನೋಡಿ. ನಡುಕ, ಜರ್ಕ್ ಬಂದರೆ ಅಲ್ಲೇ ಕೈಬಿಡುವುದು ಒಳ್ಳೆಯದು.

ಕೂಲಂಟ್: ಹಳೇ ಗಾಡಿಗಳಲ್ಲಿ ಕೂಲಂಟ್ ಹರಿಯುವ ಪ್ಲಾಸ್ಟಿಕ್ ಭಾಗಗಳು ಬಿರುಕು ಬಿಟ್ಟು ಸೋರುತ್ತವೆ. ದಾರಿಯಲ್ಲಿ ಸಿಕ್ಕ ನೀರು, ಬೇರೆ ಜಾತಿಯ ಕೂಲಂಟ್ ಬೆರೆಸುತ್ತಾ ಹೋದರೆ ಒಳಗೆ ಕೆಸರು ಕಟ್ಟುತ್ತದೆ. ಕೆಂಪು ದೀಪ ಹತ್ತಿದರೆ 'ಊರು ಇನ್ನೇನು ಬಂತು' ಎಂದು ಓಡಿಸಬೇಡಿ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ.

ಎಂಜಿನ್ ಆಯಿಲ್ ಕೊಳ್ಳುವಾಗ 5ಡಬ್ಲ್ಯು-30, 5ಡಬ್ಲ್ಯು-40 ಎಂದು ಕೇಳಿದರೆ ಸಾಲದು. ಮ್ಯಾನುಯಲ್‌ನಲ್ಲಿರುವ ಕಂಪನಿ ನಂಬರ್, ಅಂದರೆ ವಿಡಬ್ಲ್ಯು 502 00, 505 01, 507 00 ಇಂಥದ್ದು, ಡಬ್ಬದ ಮೇಲೂ ಇರಬೇಕು.

ಶಿರಾಡಿ ಇಳಿಯುವಾಗ

ಮಾರನಹಳ್ಳಿಯಿಂದ ಕೆಳಕ್ಕೆ ಇಳಿಯುವಾಗ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಲೆಕ್ಕ ಬೇಡ. ಎರಡು, ಮೂರನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಇಳಿಜಾರಿನ ಬಿಸಿಗೆ ಕುದಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದೇ ಇಲ್ಲ. ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕಡ್ಡಾಯ ಎಂದುಕೊಳ್ಳಿ. ಟೈರಿನ ಬದಿಯ ನಾಲ್ಕಂಕಿಯನ್ನೂ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು.

ಮಳೆಗಾಲಕ್ಕೆ ಮುಂಚೆ

ಮರದಡಿ ನಿಲ್ಲಿಸುವ ಗಾಡಿಯಲ್ಲಿ ಮುಂದಿನ ಗಾಜಿನ ಕೆಳಗೆ ಎಲೆ ತುಂಬಿ ನೀರು ಹೋಗುವ ತೂತು ಕಟ್ಟುತ್ತದೆ. ಆಗ ನೀರು ಒಳಗಿಳಿದು ಕಾರ್ಪೆಟ್ ನೆನೆದು, ವೈರಿಂಗ್‌ಗೆ ತುಕ್ಕು ಹಿಡಿಯುತ್ತದೆ. ಮೇ ತಿಂಗಳಲ್ಲೇ ಎಲೆ ತೆಗೆದು ಒಂದು ತಂಬಿಗೆ ನೀರು ಹಾಕಿ ಹರಿಯುತ್ತದೆಯೇ ನೋಡಿ. ಸನ್‌ರೂಫ್ ಇದ್ದರೆ ಅದರ ಪೈಪ್‌ಗಳನ್ನೂ ನೋಡಿ. ತೋಟದ ರಸ್ತೆಗೆ ಎಂಜಿನ್ ಕೆಳಗಿನ ಗಾರ್ಡ್ ಇರಲೇಬೇಕು. ಇಲಿ ವೈರ್ ಕಡಿಯುವುದರಿಂದ ವಾರಗಟ್ಟಲೆ ನಿಲ್ಲಿಸುವವರು ಆಗಾಗ ಬಾನೆಟ್ ಎತ್ತಿ ನೋಡಬೇಕು.

ಕೊಳ್ಳುವ ಗಾಡಿ ನೆರೆ ನೀರಿನಲ್ಲಿ ಮುಳುಗಿತ್ತೇ ಎಂದು ತಿಳಿಯಲು ಸೀಟ್ ಬೆಲ್ಟ್ ಪೂರ್ತಿ ಎಳೆದು ಮಣ್ಣಿನ ಗೆರೆ ಹುಡುಕಿ, ಸೀಟಿನ ಕೆಳಗಿನ ಕಂಬಿಯ ತುಕ್ಕು ನೋಡಿ.

ಕಾಗದಪತ್ರ

ಆರ್‌ಸಿಯ ಎಂಜಿನ್, ಚಾಸಿ ನಂಬರ್ ಗಾಡಿಯಲ್ಲಿರುವುದಕ್ಕೆ ತಾಳೆಯಾಗಬೇಕು. ವರ್ಗಾವಣೆಗೆ ಫಾರ್ಂ 29, 30. ಬ್ಯಾಂಕ್ ಸಾಲ ಇದ್ದಿದ್ದರೆ ಬ್ಯಾಂಕ್ ಎನ್‌ಒಸಿ ಜೊತೆ ಫಾರ್ಂ 35 ಬೇಕು. ಇನ್ಶೂರೆನ್ಸ್ ಅನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ದೆಹಲಿಯಲ್ಲಿ ಡೀಸೆಲ್ ಗಾಡಿಗೆ 10 ವರ್ಷದ ಮಿತಿ ಬಂದ ಮೇಲೆ ಅಲ್ಲಿನ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ ಎಂಬ ಮಾತಿದೆ. ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ಹೊಸ ನಂಬರ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಸಕಲೇಶಪುರದ ಕೆಎ-46 ಕಚೇರಿಯಲ್ಲಿ ತೆರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ. 15 ವರ್ಷ ಸಮೀಪಿಸಿದ ಗಾಡಿಯಾದರೆ ಆರ್‌ಸಿ ನವೀಕರಣದ ಶುಲ್ಕ, ಹಸಿರು ತೆರಿಗೆಯೂ ಸೇರುತ್ತದೆ.

ಯಾರಿಗೆ ಸರಿ?

ಬೆಳಗ್ಗೆ ಅಂಗಡಿಗೆ ಸಾಮಾನು ತರಲು ಇದೊಂದೇ ಗಾಡಿ ಎನ್ನುವವರಿಗೆ ಇದು ಹೊಂದುವುದಿಲ್ಲ. ಬಿಡಿಭಾಗ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬರುವವರೆಗೆ ವಾರ ಕಾಯಬೇಕಾಗಬಹುದು. ಮನೆಯಲ್ಲಿ ಇನ್ನೊಂದು ವಾಹನವಿದ್ದು, ಹಾಸನದಲ್ಲೋ ಹತ್ತಿರದಲ್ಲೋ ಈ ಎಂಜಿನ್ ಬಿಚ್ಚಿ ಗೊತ್ತಿರುವ, ಸ್ಕ್ಯಾನರ್ ಇಟ್ಟುಕೊಂಡಿರುವ ಮೆಕ್ಯಾನಿಕ್ ಇದ್ದರೆ ಧೈರ್ಯ ಮಾಡಬಹುದು. ಮೊದಲು ಅಂಥ ಮೆಕ್ಯಾನಿಕ್‌ನನ್ನು ಹುಡುಕಿಕೊಳ್ಳಿ, ಆಮೇಲೆ ಗಾಡಿ ನೋಡಲು ಹೊರಡಿ.