ಫಾರ್ವರ್ಡ್ ಮಾಡುವ ಮುನ್ನ...

ಹಾಲಿನವರ ಲೆಕ್ಕದಿಂದ ಹಿಡಿದು ಭಜನಾ ಮಂಡಳಿಯವರೆಗೆ ನಮ್ಮ ಬೋಗಾದಿಯ ಬಡಾವಣೆಗಳಲ್ಲಿ ಈಗ ಎಲ್ಲದಕ್ಕೂ ಒಂದೊಂದು ವಾಟ್ಸ್‌ಆ್ಯಪ್ ಗ್ರೂಪು. ಅದರ ನಡುವೆಯೇ ಯಾರದೋ ಮನೆ ಹೆಣ್ಣುಮಗಳ ಖಾಸಗಿ ಫೋಟೊ ಬಂದುಬಿಟ್ಟರೆ? ‘ಅಯ್ಯೋ, ಇದ್ಯಾರು ನೋಡ್ರೀ’ ಅಂತ ಇನ್ನೊಬ್ಬರಿಗೆ ದಾಟಿಸುವವರಿದ್ದಾರೆ. ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಆ ಹುಡುಗಿಗೆ ಆಗುವ ಹಾನಿ ಮಾತ್ರ ಕಡಿಮೆಯಾಗದು.

2024ರ ಏಪ್ರಿಲ್‌ನಲ್ಲಿ ಪಕ್ಕದ ಹಾಸನದಲ್ಲಿ ನಡೆದದ್ದು ನೆನಪಿದೆಯಲ್ಲ? ಪೆನ್‌ಡ್ರೈವ್‌ನಲ್ಲಿದ್ದ ಹೆಂಗಸರ ವಿಡಿಯೊಗಳು, ಮುಖವನ್ನೂ ಮರೆಮಾಡದೆ, ಮೊಬೈಲಿನಿಂದ ಮೊಬೈಲಿಗೆ ಹರಿದವು. ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ವಿಡಿಯೊ ನೋಡಿ ಮುಂದೆ ಕಳಿಸಿದವರು? ಆ ಹೆಂಗಸರಿಗೆ ಸಂತೆಯಲ್ಲಿ, ಬಸ್ಸಿನಲ್ಲಿ ಎದುರು ಸಿಗುವುದು ಅವರೇ ತಾನೆ!

ಯಂತ್ರದ ಕಾವಲು ಎಲ್ಲಿವರೆಗೆ?

ಬೆರಳಚ್ಚಿನ ಹಾಗೆ ಪ್ರತಿ ಚಿತ್ರಕ್ಕೂ ಕಂಪ್ಯೂಟರ್ ಒಂದು ಗುರುತು ಮಾಡಬಲ್ಲದು. ಅದಕ್ಕೆ ‘ಹ್ಯಾಶ್’ ಅಂತಾರೆ. 2021ರ ಡಿಸೆಂಬರ್‌ನಲ್ಲಿ ಶುರುವಾದ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆಯಲ್ಲಿ 18 ದಾಟಿದವರು ತಮ್ಮ ಮೊಬೈಲಿನಲ್ಲೇ ಈ ಗುರುತು ಮಾಡಿಕೊಳ್ಳಬಹುದು. ಚಿತ್ರ ನಿಮ್ಮ ಹತ್ತಿರವೇ ಉಳಿಯುತ್ತದೆ, ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ. ಅದೇ ಚಿತ್ರ ಅಲ್ಲಿ ಕಂಡರೆ ಪರಿಶೀಲಿಸಿ ತಡೆಯುತ್ತಾರೆ. 18ರ ಒಳಗಿನವರ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’ ಎಂಬ ಸೇವೆಯಿದೆ.

ಆದರೆ ಯಂತ್ರಕ್ಕೆ ಮೈ ಕಾಣುತ್ತದೆ, ಆಕೆಯ ಒಪ್ಪಿಗೆ ಇತ್ತೋ ಇಲ್ಲವೋ ಕಾಣುವುದಿಲ್ಲ. ಹಾಗಾಗಿ ಯಾರಾದರೂ ದೂರು ಕೊಡಲೇಬೇಕು. ಇನ್ನು ವಾಟ್ಸ್‌ಆ್ಯಪ್‌ನ ಖಾಸಗಿ ಮಾತುಕತೆಯೊಳಗೆ ಈ ಕಾವಲು ನಡೆಯದು. ಅಲ್ಲಿ ತಡೆಯಬೇಕಾದ್ದು ನಮ್ಮ ಬೆರಳೇ.

ನಮ್ಮ ಮನೆಯಲ್ಲೇ ಆದರೆ?

* ಮೊದಲು ಮಗಳನ್ನು ಬೈಯಬೇಡಿ. ‘ಫೋಟೊ ಯಾಕೆ ತೆಗೆಸಿಕೊಂಡೆ?’ ಅಂದರೆ ಅವಳು ಬಾಯಿ ಬಿಡುವುದೇ ಇಲ್ಲ. ಬೆದರಿಸುವವನಿಗೆ ಬೇಕಾದ್ದೂ ಅದೇ.

* ದುಡ್ಡು ಕೇಳಿದರೆ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ.

* ಗಾಬರಿಯಲ್ಲಿ ಬೆದರಿಕೆ ಮೆಸೇಜು ಅಳಿಸಬೇಡಿ. ಲಿಂಕ್, ಖಾತೆಯ ಹೆಸರು, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ.

* ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. 2021ರ ಐಟಿ ನಿಯಮಗಳಲ್ಲಿ ಇಂಥ ಚಿತ್ರ ತೆಗೆಯಲು ಕಂಪನಿಗಳಿಗೆ 24 ಗಂಟೆಯ ಗಡುವಿತ್ತು; 2026ರ ಫೆಬ್ರುವರಿಯ ತಿದ್ದುಪಡಿಯಿಂದ ಅವು 2 ಗಂಟೆ ಮೀರುವಂತಿಲ್ಲ. ತಿರುಚಿದ ಚಿತ್ರಕ್ಕೂ ಇದು ಅನ್ವಯಿಸುತ್ತದೆ.

* ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಸೈಬರ್ ಸಹಾಯವಾಣಿ 1930, ಮಹಿಳಾ ಸಹಾಯವಾಣಿ 181. ಮೈಸೂರಿನ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು.

ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ಕಳಿಸಿದರೆ ಐಟಿ ಕಾಯ್ದೆಯ 66ಇ ಕಲಮಿನಂತೆ 3 ವರ್ಷದವರೆಗೆ ಜೈಲು. ಲೈಂಗಿಕ ದೃಶ್ಯದ ವಿಡಿಯೊ ಹಂಚಿದರೆ 67ಎ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ. ‘ನಾನು ಬರೀ ಫಾರ್ವರ್ಡ್ ಮಾಡಿದ್ದು’ ಅನ್ನುವ ಮಾತು ಅಲ್ಲಿ ನಡೆಯಲ್ಲ.

ಗ್ರೂಪಿನಲ್ಲಿ ಒಬ್ಬರು ಗಟ್ಟಿಯಾಗಿ ‘ಇದು ಬೇಡ, ಈಗಲೇ ಅಳಿಸಿ’ ಅಂದರೆ ಉಳಿದವರಿಗೂ ಧೈರ್ಯ ಬರುತ್ತದೆ. ಆ ಒಬ್ಬರು ನೀವೇ ಆಗಬಾರದೇಕೆ?